ಹಳೆಯ ಪ್ರೊಸೆಸರ್‌ಗಳನ್ನು ಡೀಬಗರ್‌ನಲ್ಲಿ ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು: ನಿರ್ಧರಿಸುವ ಕ್ರಮ

ತುಮಕೂರಿನ ನಮ್ಮ ಕೆಲಸದ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಕಳೆದ ಹದಿನೈದು ವರ್ಷಗಳಲ್ಲಿ ನಾವು ಕೈಹಾಕಿದ ಪ್ರತಿಯೊಂದು ಪ್ರೊಸೆಸರಿನ ಒಂದೊಂದು ಬೋರ್ಡು, ತನ್ನ ಕೇಬಲ್ಲು ಮತ್ತು ಪವರ್ ಅಡಾಪ್ಟರಿನೊಡನೆ, ಅದರ ಅರೆಗಳಲ್ಲಿ ಕುಳಿತಿದೆ. ಶುದ್ಧ ಕುಡಿಯುವ ನೀರಿನ ಘಟಕಗಳಿಗೆ, ಹಾಲಿನ ಡೇರಿಗಳ ತೂಕದ ಯಂತ್ರಗಳಿಗೆ, ಶಿಡ್ಲಘಟ್ಟದ ಕಡೆಯ ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿಗೆ ಕಂಟ್ರೋಲ್ ಕಾರ್ಡು ಮಾಡಿಕೊಡುವ ಸಣ್ಣ ತಂಡ ನಮ್ಮದು. ಆ ಕಾರ್ಡುಗಳೊಳಗಿನ ಪ್ರೋಗ್ರಾಮಿನ ದೋಷ ಹುಡುಕಲು ಜಿಡಿಬಿ ಎಂಬ ಡೀಬಗರನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ ಒಳಗೆ ನೋಡುವ ಸಲಕರಣೆಯನ್ನು, ಬಳಸುತ್ತೇವೆ. ಜಿಡಿಬಿ ಮತ್ತು ಬೋರ್ಡಿನ ನಡುವೆ ನಿಂತು ಮಾತನಾಡುವ ಭಾಗವನ್ನು ನಾವೇ ಬರೆದುಕೊಂಡಿದ್ದೇವೆ, ಹತ್ತಿರದ ಕೆಲವು ಕಾಲೇಜುಗಳ ಲ್ಯಾಬುಗಳಿಗೂ ಅದನ್ನು ಕೊಟ್ಟಿದ್ದೇವೆ. ಆ ಬೀರುವಿನಲ್ಲಿರುವ ಯಾವ ಬೋರ್ಡಿಗೆ ನಮ್ಮ ಡೀಬಗರ್ ಇನ್ನೂ ಹೊಣೆಯಾಗಿರಬೇಕು, ಯಾವುದನ್ನು ಕೈಬಿಡಬೇಕು ಎಂಬ ಪ್ರಶ್ನೆಯನ್ನು ನಾವು ಈವರೆಗೆ ಮೂರು ಬಾರಿ ಎದುರಿಸಿದ್ದೇವೆ. ಮೊದಲ ಬಾರಿ ತಪ್ಪಾಗಿ ನಿರ್ಧರಿಸಿದೆವು. ಇಂಥದೇ ಕೆಲಸ ಮಾಡುತ್ತಿರುವ ಇತರ ತಂಡಗಳಿಗೆ ಉಪಯೋಗವಾಗಲೆಂದು, ಆ ತಪ್ಪಿನಿಂದ ಕಲಿತು ಈಗ ನಾವು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೀಬಗರ್ ಸುಳ್ಳು ಹೇಳಬಾರದು

ಬೇರೆ ಸಾಫ್ಟ್‌ವೇರ್‌ಗಳಿಗೂ ಡೀಬಗರ್‌ಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪಠ್ಯ ಸಂಪಾದಕವೊಂದು ಹಳೆಯ ಯಂತ್ರದಲ್ಲಿ ಅರೆಬರೆ ಕೆಲಸ ಮಾಡಿದರೆ ಬಳಸುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಡೀಬಗರ್ ಹಾಗಲ್ಲ. ಅದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆ ಎಂಬುದು ಮೊದಲೇ ತಿಳಿದಿರುತ್ತದೆ, ಆದ್ದರಿಂದ ಪರದೆಯ ಮೇಲೆ ವಿಚಿತ್ರವಾದ ಅಂಕಿ ಕಂಡರೆ ಎಂಜಿನಿಯರು ತನ್ನ ಪ್ರೋಗ್ರಾಮನ್ನು ಅನುಮಾನಿಸುತ್ತಾನೆಯೇ ಹೊರತು ಡೀಬಗರನ್ನಲ್ಲ. ಪರೀಕ್ಷಿಸದೆ ಉಳಿಸಿಕೊಂಡ ಬೆಂಬಲವು ಬೆಂಬಲವೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ಈ ಕಾರಣಕ್ಕೆ.

ನಮ್ಮ ಅನುಭವವನ್ನೇ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ಊರೊಂದರ ನೀರಿನ ಘಟಕದಲ್ಲಿ ಎಲ್‌ಪಿಸಿ2148 ಚಿಪ್ಪಿನ ನಮ್ಮ ಹಳೆಯ ಕಾರ್ಡು ಇತ್ತು. ಆ ಚಿಪ್ಪಿನೊಳಗಿರುವುದು ಆರ್ಮ್7 ಪ್ರೊಸೆಸರ್. ಅದು ಎರಡು ಬಗೆಯ ಆದೇಶಗಳನ್ನು ಓದಬಲ್ಲದು: 32 ಬಿಟ್ ಉದ್ದದ ಆರ್ಮ್ ಆದೇಶಗಳು ಮತ್ತು 16 ಬಿಟ್ ಉದ್ದದ ಥಂಬ್ ಆದೇಶಗಳು. ಹೊಸ ಕಾರ್ಡುಗಳಿಗೆ ನಾವು ಕಾರ್ಟೆಕ್ಸ್-ಎಂ ಚಿಪ್ಪುಗಳಿಗೆ ಬದಲಾಗಿದ್ದೆವು. ಅವುಗಳಲ್ಲಿ ಆರ್ಮ್ ಆದೇಶಗಳೇ ಇಲ್ಲ, ಎಲ್ಲವೂ ಥಂಬ್ ಬಗೆಯವು. ಡೀಬಗರ್‌ನ ಕೋಡನ್ನು ಸ್ವಚ್ಛಗೊಳಿಸುವಾಗ ನಮ್ಮಲ್ಲೊಬ್ಬರು ಬ್ರೇಕ್‌ಪಾಯಿಂಟ್ (ಪ್ರೋಗ್ರಾಮು ಬಂದು ನಿಲ್ಲಬೇಕಾದ ಜಾಗದ ಗುರುತು) ಇಡುವ ಭಾಗವನ್ನು ಸರಳಗೊಳಿಸಿ, ಯಾವಾಗಲೂ ಎರಡು ಬೈಟ್‌ಗಳನ್ನಷ್ಟೇ ಬರೆಯುವಂತೆ ಬದಲಾಯಿಸಿದರು. ಆರ್ಮ್7 ಬೋರ್ಡಿನ ಮೇಲೆ ಅದನ್ನು ಯಾರೂ ಓಡಿಸಿ ನೋಡಲಿಲ್ಲ, ಆದರೂ ಬೆಂಬಲದ ಪಟ್ಟಿಯಲ್ಲಿ ಆರ್ಮ್7 ಹಾಗೆಯೇ ಉಳಿಯಿತು.

ಆರ್ಮ್7ನಲ್ಲಿ ನಿಲ್ಲಿಸುವುದಕ್ಕೆಂದೇ ಇರುವ ಆದೇಶ ಇಲ್ಲ. ಅದು ಬಂದದ್ದು ಆನಂತರದ ಆರ್ಮ್ ಆವೃತ್ತಿಯಲ್ಲಿ. ಆದ್ದರಿಂದ ಡೀಬಗರ್ ಒಂದು ಗುರುತಿನ ಮಾದರಿಯನ್ನು ಮೆಮೊರಿಯಲ್ಲಿ ಬರೆದು, ಚಿಪ್ಪಿನೊಳಗಿನ ಎರಡು ಕಾವಲು ಘಟಕಗಳಲ್ಲಿ ಒಂದಕ್ಕೆ ‘ಈ ಮಾದರಿಯನ್ನು ಪ್ರೊಸೆಸರ್ ಓದಿಕೊಂಡ ಕೂಡಲೇ ನಿಲ್ಲಿಸು’ ಎಂದು ಹೇಳಿಡಬೇಕಾಗುತ್ತದೆ. ನಮ್ಮ ಕಾರ್ಡಿನಲ್ಲಿ ಇಂಟರಪ್ಟ್ (ಕೂಡಲೇ ಸ್ಪಂದಿಸಬೇಕೆಂದು ಪ್ರೊಸೆಸರಿಗೆ ಬರುವ ಕರೆ) ನಿರ್ವಹಿಸುವ ಭಾಗವು ವೇಗಕ್ಕಾಗಿ ರ್‍ಯಾಮ್‌ಗೆ ನಕಲಾಗಿ, ಆರ್ಮ್ ಆದೇಶಗಳಲ್ಲಿ ಓಡುತ್ತಿತ್ತು. ಅಲ್ಲಿ ಬ್ರೇಕ್‌ಪಾಯಿಂಟ್ ಇಟ್ಟಾಗ ನಾಲ್ಕು ಬೈಟ್‌ಗಳ ಆದೇಶದ ಅರ್ಧ ಮಾತ್ರ ಬದಲಾಯಿತು. ಮಾದರಿ ಪೂರ್ತಿ ಹೊಂದಲಿಲ್ಲವಾಗಿ ಕಾವಲು ಘಟಕ ಸುಮ್ಮನಿತ್ತು. ಪ್ರೊಸೆಸರ್ ನಿಲ್ಲದೆ ಆ ಕೆಟ್ಟ ಆದೇಶವನ್ನೇ ನಡೆಸಿಕೊಂಡು ಮುಂದೆ ಹೋಯಿತು. ನೀರಿನ ವಾಲ್ವು ತೆರೆಯಬಾರದ ಹೊತ್ತಿನಲ್ಲಿ ತೆರೆಯಿತು. ಪರದೆಯ ಮೇಲೆ ಮಾತ್ರ ‘ಬ್ರೇಕ್‌ಪಾಯಿಂಟ್ ಇಡಲಾಗಿದೆ’ ಎಂದೇ ಬರೆದಿತ್ತು. ಇಲ್ಲದ ದೋಷವೊಂದನ್ನು ಹುಡುಕುತ್ತ ನಮ್ಮ ಇಬ್ಬರು ಹುಡುಗರು ಎರಡು ದಿನ ಆ ಊರಿನಲ್ಲಿ ಕಳೆದರು, ಆ ಎರಡು ದಿನವೂ ಊರಿನವರು ಕುಡಿಯುವ ನೀರನ್ನು ಪಕ್ಕದ ಊರಿನಿಂದ ತಂದರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ತಾಲ್ಲೂಕಿನಲ್ಲಿ ಆ ಘಟಕವೊಂದು ನಿಂತರೆ ಏನಾಗುತ್ತದೆ ಎಂಬುದು ಅಲ್ಲಿ ಬಿಂದಿಗೆ ಹಿಡಿದು ನಿಂತವರಿಗೆ ಗೊತ್ತು. ‘ಆರ್ಮ್7ಗೆ ಈಗ ಬೆಂಬಲವಿಲ್ಲ, ಹಳೆಯ ಆವೃತ್ತಿಯನ್ನು ಬಳಸಿ’ ಎಂದು ನಾವು ಒಂದು ಸಾಲು ಬರೆದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಆದ್ದರಿಂದ ಮೊದಲ ನಿಯಮ ಇದು: ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರಿಗೂ, ಇತ್ತೀಚಿನ ಆವೃತ್ತಿಯನ್ನು ನಿಜವಾದ ಬೋರ್ಡಿನ ಮೇಲೆ ಓಡಿಸಿ ನೋಡಿದ ದಿನಾಂಕವಿರಬೇಕು. ದಿನಾಂಕ ಬರೆಯಲಾಗದ ಹೆಸರನ್ನು ಆ ಪಟ್ಟಿಯಿಂದ ತೆಗೆಯಬೇಕು.

ಸಾಯುತ್ತಿರುವುದು ಯಾವ ಭಾಗ ಎಂದು ಬಿಡಿಸಿ ನೋಡಿ

‘ಹಳೆಯ ಹಾರ್ಡ್‌ವೇರ್’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ವಸ್ತುಗಳಿರುತ್ತವೆ: ಪರೀಕ್ಷೆಗೆ ಒಳಗಾಗುವ ಪ್ರೊಸೆಸರ್, ಅದರೊಳಗಿನ ಡೀಬಗ್ ಘಟಕ, ಅದಕ್ಕೂ ಕಂಪ್ಯೂಟರಿಗೂ ನಡುವಿನ ಕೇಬಲ್ಲು ಅಥವಾ ಅಡಾಪ್ಟರು, ಮತ್ತು ಡೀಬಗರ್ ಓಡುವ ಕಂಪ್ಯೂಟರು. ಇವುಗಳಿಗೆ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ. ಬಹಳಷ್ಟು ತಂಡಗಳು ಕೈಬಿಡುವ ನಿರ್ಧಾರದಲ್ಲಿ ಎಡವುವುದು ಇವನ್ನು ಬಿಡಿಸಿ ನೋಡದಿರುವುದರಿಂದ.

ಉದಾಹರಣೆಗೆ, ಆರ್ಮ್7 ಕಿಟ್‌ಗಳು ಲ್ಯಾಬುಗಳಿಗೆ ಬಂದ ಕಾಲದಲ್ಲಿ ಚಿಪ್ಪಿನ ಡೀಬಗ್ ಘಟಕವನ್ನು ಮಾತನಾಡಿಸುವ ಜೆಟ್ಯಾಗ್ ಕೇಬಲ್ಲನ್ನು ಪ್ಯಾರಲಲ್ ಪೋರ್ಟಿಗೆ, ಅಂದರೆ ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ ಅಗಲವಾದ ಪೋರ್ಟಿಗೆ, ಜೋಡಿಸುತ್ತಿದ್ದರು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟು ಇಲ್ಲ. ‘ಆರ್ಮ್7 ಕೆಲಸ ಮಾಡುತ್ತಿಲ್ಲ’ ಎಂಬ ದೂರು ಬಂದಾಗ ನಾವು ವಿಚಾರಿಸಿದರೆ, ಹತ್ತರಲ್ಲಿ ಬಹುಪಾಲು ಸಲ ಕೆಟ್ಟಿರುತ್ತಿದ್ದುದು ಅಥವಾ ಸಿಗದಾಗಿದ್ದುದು ಆ ಕೇಬಲ್ಲು ಮಾತ್ರ. ಎಫ್‌ಟಿ2232 ಚಿಪ್ಪಿರುವ ಯುಎಸ್‌ಬಿ ಅಡಾಪ್ಟರಿನಿಂದ ಅದೇ ಬೋರ್ಡನ್ನು ಅದೇ ದಿನ ಮಾತನಾಡಿಸಬಹುದಾಗಿತ್ತು. ನಾವು ಪ್ಯಾರಲಲ್ ಪೋರ್ಟಿನ ಬೆಂಬಲವನ್ನು ಕೈಬಿಟ್ಟೆವು, ಆರ್ಮ್7ನ ಬೆಂಬಲವನ್ನು ಉಳಿಸಿಕೊಂಡೆವು. ಇವು ಎರಡು ಪ್ರತ್ಯೇಕ ನಿರ್ಧಾರಗಳಾಗಿರಬೇಕು.

ಡೀಬಗರ್ ಓಡುವ ಕಂಪ್ಯೂಟರಿನ ವಿಚಾರದಲ್ಲಂತೂ ಈ ಬಿಡಿಸುವಿಕೆ ಇನ್ನೂ ಮುಖ್ಯ. 1986ರಲ್ಲಿ ಆರಂಭವಾದ ಜಿಡಿಬಿ, 2017ರ 8.0 ಆವೃತ್ತಿಯಿಂದ ತನ್ನನ್ನು ಕಟ್ಟಲು ಸಿ ಪ್ಲಸ್ ಪ್ಲಸ್ ಭಾಷೆಯ 2011ರ ರೂಪ (ಸಿ ಪ್ಲಸ್ ಪ್ಲಸ್ 11) ತಿಳಿದ ಕಂಪೈಲರನ್ನು, ಅಂದರೆ ಬರೆದ ಕೋಡನ್ನು ಯಂತ್ರದ ಆದೇಶಗಳಾಗಿಸುವ ಪ್ರೋಗ್ರಾಮನ್ನು, ಕೇಳತೊಡಗಿತು. ಅದರಿಂದ ಹಳೆಯ ಯಂತ್ರಗಳ ಮೇಲೆ ಜಿಡಿಬಿಯನ್ನು ಕಟ್ಟುವುದು ಕಷ್ಟವಾಯಿತು. ಆದರೆ ಆ ಹಳೆಯ ಯಂತ್ರಗಳನ್ನು ದೂರದಿಂದ ಪರೀಕ್ಷಿಸುವುದು ಹಾಗೆಯೇ ಉಳಿಯಿತು. ಜಿಡಿಬಿಯ ದೂರಸಂಪರ್ಕದ ಕ್ರಮ ಬಹಳ ಸರಳ: ಡಾಲರ್ ಚಿಹ್ನೆಯಿಂದ ಆರಂಭವಾಗಿ ಹ್ಯಾಶ್ ಚಿಹ್ನೆ ಮತ್ತು ಎರಡು ಅಂಕಿಗಳ ತಾಳೆಮೊತ್ತದಲ್ಲಿ ಮುಗಿಯುವ ಸಣ್ಣ ಪಠ್ಯ ಪೊಟ್ಟಣಗಳು ಸೀರಿಯಲ್ ತಂತಿಯ ಮೇಲೆ ಹೋಗಿಬರುತ್ತವೆ. ರಿಜಿಸ್ಟರ್ (ಪ್ರೊಸೆಸರಿನೊಳಗೆ ಅಂಕಿ ಇಟ್ಟುಕೊಳ್ಳುವ ಪುಟ್ಟ ಜಾಗ) ಓದುವುದು, ಬರೆಯುವುದು, ಮೆಮೊರಿ ಓದುವುದು, ಬರೆಯುವುದು, ಮುಂದುವರಿಸುವುದು, ಒಂದು ಹೆಜ್ಜೆ ಇಡುವುದು, ಇಷ್ಟನ್ನು ತಿಳಿದ ಪುಟ್ಟ ಪ್ರೋಗ್ರಾಮು ಹಳೆಯ ಯಂತ್ರದಲ್ಲಿದ್ದರೆ ಸಾಕು, ಉಳಿದ ಭಾರವನ್ನೆಲ್ಲ ಇಂದಿನ ಲ್ಯಾಪ್‌ಟಾಪ್ ಹೊರುತ್ತದೆ. ಆದ್ದರಿಂದ ‘ಇದರ ಮೇಲೆ ಡೀಬಗರ್ ಓಡಬೇಕೇ’ ಎಂಬ ಪ್ರಶ್ನೆಗೆ ನಾವು ಧಾರಾಳವಾಗಿ ‘ಬೇಡ’ ಎನ್ನುತ್ತೇವೆ, ‘ಇದನ್ನು ಡೀಬಗರ್ ನೋಡಬಲ್ಲದಾಗಬೇಕೇ’ ಎಂಬ ಪ್ರಶ್ನೆಗೆ ‘ಬೇಡ’ ಎನ್ನಲು ಬಹಳ ಯೋಚಿಸುತ್ತೇವೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿದ ವಿಂಡೋಸ್ ಎಕ್ಸ್‌ಪಿ ನಮ್ಮ ಕಡೆಯ ಕೆಲವು ಕಾರ್ಖಾನೆಗಳಲ್ಲಿ, ಸೀರಿಯಲ್ ಪೋರ್ಟು ಇದೆ ಎಂಬ ಒಂದೇ ಕಾರಣಕ್ಕೆ ಇನ್ನೂ ಓಡುತ್ತಿರುವುದನ್ನು ನೋಡಿದ್ದೇನೆ. ಅಲ್ಲಿಗೆ ನಮ್ಮ ಹೊಸ ಆವೃತ್ತಿಯನ್ನು ಒಯ್ಯುವ ಪ್ರಯತ್ನ ಮಾಡುವುದಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ಲೊಂದನ್ನು ನಮ್ಮ ಲ್ಯಾಪ್‌ಟಾಪಿನೊಡನೆ ಒಯ್ಯುತ್ತೇವೆ.

ಐದನೆಯ ವಸ್ತುವೂ ಒಂದಿದೆ, ಅದನ್ನು ಮರೆಯುವುದು ಸುಲಭ: ಕಂಪೈಲರ್ ಬಿಟ್ಟುಹೋಗುವ ಡೀಬಗ್ ಮಾಹಿತಿಯ (ಯಾವ ಆದೇಶ ಮೂಲ ಕೋಡಿನ ಯಾವ ಸಾಲಿನದು ಎಂಬಂಥ ವಿವರದ) ರೂಪ. ಜಿಸಿಸಿ ಎಂಬ ಕಂಪೈಲರ್ ತನ್ನ 11ನೇ ಆವೃತ್ತಿಯಿಂದ ಡ್ವಾರ್ಫ್‌ನ 5ನೇ ರೂಪವನ್ನು ಸಹಜ ಆಯ್ಕೆಯಾಗಿ ಬರೆಯುತ್ತದೆ. ಹಳೆಯ ಸ್ಟ್ಯಾಬ್ಸ್ ರೂಪವನ್ನು 13ನೇ ಆವೃತ್ತಿಯಲ್ಲಿ ಪೂರ್ತಿ ಕೈಬಿಟ್ಟಿತು. ಬರೆಯುವವರು ನಿಲ್ಲಿಸಿದ ಮೇಲೂ ಓದುವವರು ಕೆಲವು ಕಾಲ ಓದುತ್ತಲೇ ಇರಬೇಕಾಗುತ್ತದೆ, ಏಕೆಂದರೆ ಹಳೆಯ ಕಾರ್ಡಿನ ಪ್ರೋಗ್ರಾಮನ್ನು ಹೊಸ ಕಂಪೈಲರ್‌ನಿಂದ ಮತ್ತೆ ಕಟ್ಟಿದರೆ ಅದು ಆ ಕಾರ್ಡಿನಲ್ಲಿ ಓಡುತ್ತಿರುವ ಅದೇ ಪ್ರೋಗ್ರಾಮು ಆಗಿರುವುದಿಲ್ಲ.

ಬಳಸುವವರನ್ನು ಹುಡುಕುವ ಬಗೆ

ಎಷ್ಟು ಜನ ಬಳಸುತ್ತಾರೆ ಎಂಬ ಲೆಕ್ಕದಿಂದ ಆರಂಭಿಸಬೇಡಿ. ಹಳೆಯ ಯಂತ್ರದ ಮುಂದೆ ಕುಳಿತವರು ಹೊಸ ಆವೃತ್ತಿಯನ್ನು ಇಳಿಸಿಕೊಳ್ಳುವುದು ಅಪರೂಪ, ದೂರು ಬರೆಯುವುದು ಇನ್ನೂ ಅಪರೂಪ. ಸುಮ್ಮನಿದ್ದಾರೆ ಎಂದರೆ ಇಲ್ಲ ಎಂದು ಅರ್ಥವಲ್ಲ. ಹಾಗೆಯೇ, ಸಾವಿರಾರು ಕಾರ್ಡುಗಳು ಊರೂರಿನಲ್ಲಿ ಓಡುತ್ತಿವೆ ಎಂದ ಮಾತ್ರಕ್ಕೆ ಅವುಗಳಿಗೆ ಡೀಬಗರ್ ಬೇಕು ಎಂದೂ ಅಲ್ಲ. ಕಾರ್ಡು ಓಡುತ್ತಿರುವುದು ಬೇರೆ, ಅದರೊಳಗಿನ ಪ್ರೋಗ್ರಾಮನ್ನು ಯಾರಾದರೂ ತಿದ್ದುತ್ತಿರುವುದು ಬೇರೆ.

ನಾವು ಕೇಳುವ ಪ್ರಶ್ನೆಗಳು ಎರಡೇ. ಕಳೆದ ಎರಡು ವರ್ಷಗಳಲ್ಲಿ ಈ ಪ್ರೊಸೆಸರಿನ ಪ್ರೋಗ್ರಾಮಿನಲ್ಲಿ ಒಂದು ಸಾಲಾದರೂ ಬದಲಾಗಿದೆಯೇ? ನಾಳೆ ಬೆಳಿಗ್ಗೆ ಇದರಲ್ಲಿ ದೋಷ ಕಂಡರೆ ಕಾರ್ಡನ್ನು ಬದಲಾಯಿಸುತ್ತೀರೋ, ಪ್ರೋಗ್ರಾಮನ್ನು ತಿದ್ದುತ್ತೀರೋ? ಎರಡನೆಯ ಪ್ರಶ್ನೆಗೆ ಉತ್ತರ ಪ್ರೋಗ್ರಾಮರುಗಳಿಂದ ಸಿಗುವುದಿಲ್ಲ. ಸರ್ವಿಸ್‌ಗೆ ಹೋಗುವ ಹುಡುಗರಿಂದ, ಸ್ಟೋರ್ ನೋಡಿಕೊಳ್ಳುವವರಿಂದ ಸಿಗುತ್ತದೆ. ನಮ್ಮ ಸರ್ವಿಸ್ ರಿಜಿಸ್ಟರನ್ನು ಮುಂದಿಟ್ಟುಕೊಂಡು ಒಂದು ಮಧ್ಯಾಹ್ನ ಅವರೊಡನೆ ಕುಳಿತದ್ದರಿಂದ, ನಾವು ಸತ್ತಿದೆ ಎಂದುಕೊಂಡಿದ್ದ ಒಂದು ಬೋರ್ಡು ಕೋಲಾರ ಜಿಲ್ಲೆಯ ಮೂರು ಡೇರಿಗಳಲ್ಲಿ ಇನ್ನೂ ತಿದ್ದುಪಡಿ ಕಾಣುತ್ತಿರುವುದು ತಿಳಿಯಿತು. ಹಾಲಿನ ಕೊಬ್ಬಿನ ಅಂಶದ ಮೇಲೆ ದರ ಕಟ್ಟುವ ಪಟ್ಟಿ ಬದಲಾದಾಗಲೆಲ್ಲ ಅದರ ಪ್ರೋಗ್ರಾಮಿಗೆ ಕೈ ಹಾಕಬೇಕಾಗುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಆ ಲೆಕ್ಕ ಒಂದು ದಿನ ತಪ್ಪಿದರೂ ಅದು ಅವರ ದುಡ್ಡು.

ಕಾಲೇಜುಗಳ ವಿಷಯದಲ್ಲಿ ಪಠ್ಯಕ್ರಮವೇ ಉತ್ತಮ ಸೂಚಕ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಮೈಕ್ರೋಕಂಟ್ರೋಲರ್ ಲ್ಯಾಬು ಎಲ್‌ಪಿಸಿ2148 ಕಿಟ್‌ನ ಮೇಲೆಯೇ ನಿಂತಿತ್ತು. ಆರ್ಮ್7 ಪ್ರೊಸೆಸರ್ 1990ರ ದಶಕದ್ದು. ಉದ್ಯಮದ ಕಣ್ಣಿನಲ್ಲಿ ಮುಗಿದ ಕಥೆ. ಆದರೆ ಒಮ್ಮೆ ಕೊಂಡ ಕಿಟ್‌ಗಳನ್ನು ಲ್ಯಾಬುಗಳು ಪಠ್ಯಕ್ರಮ ಬದಲಾದ ಕೂಡಲೇ ಎಸೆಯುವುದಿಲ್ಲ. ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬಳು ತನ್ನ ಜೀವನದಲ್ಲಿ ಮೊದಲ ಬಾರಿಗೆ ರಿಜಿಸ್ಟರಿನೊಳಗೆ ಅಂಕಿ ಬದಲಾಗುವುದನ್ನು ಕಣ್ಣಾರೆ ಕಾಣುವುದು ಆ ಕಿಟ್‌ನ ಮೇಲೆ. ಈ ಒಂದು ಕಾರಣಕ್ಕಾಗಿ ಅದರ ಬೆಂಬಲಕ್ಕೆ ನಾನು ಸ್ವಲ್ಪ ಹೆಚ್ಚೇ ತೂಕ ಕೊಡುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ.

ಖರ್ಚನ್ನು ಅಳೆಯುವುದು

ಒಂದು ಹಳೆಯ ಪ್ರೊಸೆಸರನ್ನು ಉಳಿಸಿಕೊಳ್ಳುವ ಖರ್ಚು ಅದಕ್ಕಾಗಿ ಬರೆದ ಕೋಡಿನ ಉದ್ದದಲ್ಲಿಲ್ಲ. ಆ ಕೋಡು ಎಲ್ಲಿ ಕುಳಿತಿದೆ ಎಂಬುದರಲ್ಲಿದೆ. ತನ್ನದೇ ಕಡತದಲ್ಲಿ, ರಿಜಿಸ್ಟರುಗಳ ಪಟ್ಟಿ, ಆದೇಶಗಳ ಉದ್ದ, ಸ್ಟ್ಯಾಕ್ ಬಿಚ್ಚುವ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂದು ಹಿಂದಕ್ಕೆ ಹುಡುಕುವ) ವಿಧಾನಗಳನ್ನಿಟ್ಟುಕೊಂಡು ಒಂದು ಮೂಲೆಯಲ್ಲಿ ಕುಳಿತಿರುವ ಎರಡು ಸಾವಿರ ಸಾಲು ಯಾರಿಗೂ ಭಾರವಲ್ಲ. ಎಲ್ಲ ಪ್ರೊಸೆಸರುಗಳಿಗೂ ಸಾಮಾನ್ಯವಾದ ಭಾಗದೊಳಗೆ ‘ಆ ಹಳೆಯದಾಗಿದ್ದರೆ ಹೀಗೆ ಮಾಡು’ ಎಂದು ಚದುರಿರುವ ಮೂವತ್ತು ಸಾಲು ನಿಜವಾದ ಭಾರ, ಏಕೆಂದರೆ ಆ ಭಾಗವನ್ನು ಮುಟ್ಟುವ ಪ್ರತಿಯೊಬ್ಬರೂ ತಾವು ಎಂದೂ ಕಂಡಿರದ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕಾಗುತ್ತದೆ. ಅಳೆಯುವ ವಿಧಾನ ಸರಳ: ಆ ಪ್ರೊಸೆಸರಿನ ಹೆಸರನ್ನು ಇಡೀ ಕೋಡಿನಲ್ಲಿ ಹುಡುಕಿ, ಅದರ ಸ್ವಂತ ಕಡತದ ಹೊರಗೆ ಎಷ್ಟು ಕಡೆ ಬರುತ್ತದೆ ಎಂದು ಎಣಿಸಿ. ಕೈಬಿಡುವ ಮೊದಲು, ಆ ಚದುರಿದ ಸಾಲುಗಳನ್ನು ಒಂದೆಡೆ ಸೇರಿಸಿದರೆ ಸಾಕೇ ಎಂಬುದನ್ನೂ ನೋಡಿ. ನಮ್ಮಲ್ಲಿ ಎವಿಆರ್ ಕುಟುಂಬದ ಚಿಪ್ಪುಗಳು (ಆರ್ಡುಯಿನೊ ಊನೊ ಬೋರ್ಡಿನಲ್ಲಿರುವಂಥವು) ಉಳಿದುಕೊಂಡದ್ದು ಹಾಗೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಇತಿಹಾಸದಲ್ಲಿ ಎರಡೂ ಬಗೆಯ ಉದಾಹರಣೆಗಳಿವೆ. ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ ಇಂಟೆಲ್ 386 ಯಂತ್ರದ ಮೇಲೆ. 1985ರಲ್ಲಿ ಬಂದ ಆ ಚಿಪ್ಪನ್ನು ಇಂಟೆಲ್ 2007ರವರೆಗೂ ತಯಾರಿಸಿತು. ಆದರೂ 2013ರ 3.8 ಆವೃತ್ತಿಯಲ್ಲಿ ಅದರ ಬೆಂಬಲವನ್ನು ತೆಗೆದುಹಾಕಲಾಯಿತು. 486ರಿಂದ ಮುಂದೆ ಇರುವ ಕೆಲವು ಸೌಲಭ್ಯಗಳು 386ರಲ್ಲಿ ಇಲ್ಲದ್ದರಿಂದ ಸಾಮಾನ್ಯ ಭಾಗದಲ್ಲಿ ಅದಕ್ಕೆಂದೇ ಬಳಸುದಾರಿಗಳನ್ನು ಇಡಬೇಕಾಗಿತ್ತು, ಅದೇ ಕಾರಣ. ಹುಟ್ಟಿದ ಮನೆ ಎಂಬ ಅಕ್ಕರೆ ಆ ತೀರ್ಮಾನವನ್ನು ತಡೆಯಲಿಲ್ಲ. 2018ರ 4.17 ಆವೃತ್ತಿಯಲ್ಲಿ ಎಂಟು ಪ್ರೊಸೆಸರ್ ಕುಟುಂಬಗಳು ಒಂದೇ ಸಲ ಹೋದವು: ಬ್ಲ್ಯಾಕ್‌ಫಿನ್, ಕ್ರಿಸ್, ಎಫ್‌ಆರ್‌ವಿ, ಎಂ32ಆರ್, ಮೆಟಾಗ್, ಎಂಎನ್10300, ಸ್ಕೋರ್ ಮತ್ತು ಟೈಲ್. ಅವು ಹೋದದ್ದು ಹಳೆಯವೆಂದಲ್ಲ. ಅವುಗಳಲ್ಲಿ ಕೆಲವು 386ಗಿಂತ ಎಷ್ಟೋ ಹೊಸವು. ಹೊಸ ಕರ್ನಲ್‌ಗಳನ್ನು ಅವುಗಳ ಮೇಲೆ ಓಡಿಸುವವರು ಯಾರೂ ಕಾಣದಾಗಿದ್ದರು, ಅಷ್ಟೆ. ಅದೇ ಕಾಲದಲ್ಲಿ ಮೋಟೊರೋಲಾ 68000 ಕುಟುಂಬ ಉಳಿಯಿತು, ಅದರ ಹಿಂದೆ ಜನ ಇದ್ದರು. ವಯಸ್ಸು ಮಾನದಂಡವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಬೋರ್ಡಿನ ಮೇಲಿನ ಪರೀಕ್ಷೆ

ಉಳಿಸಿಕೊಳ್ಳುವುದೆಂದು ನಿರ್ಧರಿಸಿದ ಪ್ರತಿ ಬೋರ್ಡಿಗೂ ಅರ್ಧ ಗಂಟೆಯಲ್ಲಿ ಮುಗಿಯುವ ಒಂದು ಪರೀಕ್ಷೆಯನ್ನು ಬರೆದಿಡಿ. ಎಲ್ಲ ರಿಜಿಸ್ಟರುಗಳನ್ನು ಓದಿ, ಒಂದಕ್ಕೆ ಗೊತ್ತಿರುವ ಅಂಕಿ ಬರೆದು, ಮತ್ತೆ ಓದಿ. ರ್‍ಯಾಮ್‌ನಲ್ಲಿ ಒಂದು, ಫ್ಲ್ಯಾಶ್‌ನಲ್ಲಿ (ಪವರ್ ಹೋದರೂ ಪ್ರೋಗ್ರಾಮನ್ನು ಉಳಿಸಿಕೊಳ್ಳುವ ಮೆಮೊರಿಯಲ್ಲಿ) ಒಂದು ಬ್ರೇಕ್‌ಪಾಯಿಂಟ್ ಇಡಿ. ಎರಡು ಬಗೆಯ ಆದೇಶಗಳಿರುವ ಪ್ರೊಸೆಸರಾದರೆ ಎರಡರಲ್ಲೂ ಇಡಿ. ಚಿಪ್ಪಿನಲ್ಲಿರುವ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್‌ಗಳ (ಮೆಮೊರಿಯನ್ನು ಬದಲಿಸದೆ ಚಿಪ್ಪಿನ ಘಟಕವೇ ನಿಲ್ಲಿಸುವಂಥವುಗಳ) ಮಿತಿಯನ್ನು ಬೇಕೆಂದೇ ಮೀರಿ ನೋಡಿ. ಆರ್ಮ್7ನಲ್ಲಿ ಕಾವಲು ಘಟಕಗಳು ಎರಡೇ, ಒಂದನ್ನು ರ್‍ಯಾಮ್‌ನ ಬ್ರೇಕ್‌ಪಾಯಿಂಟ್‌ಗಳಿಗೆ ಕೊಟ್ಟರೆ ಫ್ಲ್ಯಾಶ್‌ಗೆ ಉಳಿಯುವುದು ಒಂದೇ. ಕಾರ್ಟೆಕ್ಸ್-ಎಂ3ರಲ್ಲಿ ಆದೇಶಗಳಿಗೆ ಆರು ಇರುತ್ತವೆ. ಆರಕ್ಕೆ ಒಗ್ಗಿದ ಕೋಡು ಒಂದೇ ಇರುವಲ್ಲಿ ಸದ್ದಿಲ್ಲದೆ ಸೋಲುತ್ತದೆಯೋ, ಸ್ಪಷ್ಟವಾಗಿ ‘ಜಾಗವಿಲ್ಲ’ ಎನ್ನುತ್ತದೆಯೋ ಎಂಬುದು ಈ ಪರೀಕ್ಷೆಯ ತಿರುಳು. ಕೊನೆಗೆ, ಮೂರು ಹಂತ ಆಳದ ಫಂಕ್ಷನ್ ಕರೆಯೊಳಗೆ ನಿಲ್ಲಿಸಿ, ಕರೆದವರ ಸರಪಳಿ ಸರಿಯಾಗಿ ಕಾಣುತ್ತದೆಯೇ ನೋಡಿ.

ಕ್ಯುಎಮು ಮುಂತಾದ ಎಮ್ಯುಲೇಟರ್‌ಗಳು, ಅಂದರೆ ಬೇರೊಂದು ಪ್ರೊಸೆಸರನ್ನು ಕಂಪ್ಯೂಟರಿನೊಳಗೆ ಅನುಕರಿಸುವ ಪ್ರೋಗ್ರಾಮುಗಳು, ಈ ಕೆಲಸದಲ್ಲಿ ಬಹಳ ನೆರವಾಗುತ್ತವೆ; 68000, ಮಿಪ್ಸ್, ಸ್ಪಾರ್ಕ್ ಮಾತ್ರವಲ್ಲದೆ 2020ರಿಂದ ಎವಿಆರ್ ಕೂಡ ಕ್ಯುಎಮುವಿನಲ್ಲಿದೆ. ಪ್ರತಿ ರಾತ್ರಿ ತಾನಾಗಿಯೇ ಓಡುವ ಪರೀಕ್ಷೆಗಳನ್ನು ಅದರ ಮೇಲೆ ಇಡಿ. ಆದರೆ ಚಿಪ್ಪಿನೊಳಗಿನ ಡೀಬಗ್ ಘಟಕ, ಕೇಬಲ್ಲಿನ ವೇಗ, ರೀಸೆಟ್ ಆದ ಮರುಕ್ಷಣದ ಸ್ಥಿತಿ ಇವು ಎಮ್ಯುಲೇಟರ್‌ನಲ್ಲಿ ಕಾಣುವುದಿಲ್ಲ. ಪಾವಗಡದ ತಪ್ಪು ಎಮ್ಯುಲೇಟರ್‌ನಲ್ಲಿ ಎಂದೂ ಸಿಕ್ಕುತ್ತಿರಲಿಲ್ಲ.

ಬೀರುವಿನಲ್ಲಿರುವ ಬೋರ್ಡುಗಳಿಗೂ ಆಯುಷ್ಯವಿದೆ. ಎಲ್‌ಪಿಸಿ2148ರ ಫ್ಲ್ಯಾಶ್ ಮೆಮೊರಿ ಬರೆದದ್ದನ್ನು 20 ವರ್ಷ ಉಳಿಸಿಕೊಳ್ಳುತ್ತದೆ ಎಂದು ತಯಾರಕರ ದಾಖಲೆ ಹೇಳುತ್ತದೆ. ಮೊದಮೊದಲ ಬೋರ್ಡುಗಳು ಆ ಗಡಿಗೆ ಹತ್ತಿರ ಬಂದಿವೆ. ಆದ್ದರಿಂದ ಬೋರ್ಡಿನೊಳಗಿನ ಪ್ರೋಗ್ರಾಮನ್ನು ಓದಿ ಬೇರೆಡೆ ಉಳಿಸಿಡಿ. ಸಾಧ್ಯವಾದರೆ ಪ್ರತಿಯೊಂದಕ್ಕೂ ಎರಡು ಬೋರ್ಡು ಇರಲಿ, ಎರಡನೆಯದು ಬೇರೆ ಕಟ್ಟಡದಲ್ಲಿರಲಿ.

ನಮ್ಮ ಕಡೆ ಸಾಮಾನ್ಯವಾಗಿ ಎದುರಾಗುವ ಚಿಪ್ಪುಗಳು

8085 ಎಂಬ ಹಳೆಯ ಪ್ರೊಸೆಸರಿನ ಟ್ರೈನರ್ (ಕಲಿಕೆಯ) ಕಿಟ್‌ಗೆ ಡೀಬಗರ್ ಬೆಂಬಲ ಬೇಕೆಂದು ಕೆಲವರು ಕೇಳುತ್ತಾರೆ. ಬೇಡ. ಅದರ ರೋಮ್‌ನಲ್ಲಿರುವ (ಓದಲಷ್ಟೇ ಬರುವ ಮೆಮೊರಿಯಲ್ಲಿರುವ) ಮಾನಿಟರ್ ಪ್ರೋಗ್ರಾಮೇ ಹೆಜ್ಜೆ ಹೆಜ್ಜೆಯಾಗಿ ನಡೆಸಿ ರಿಜಿಸ್ಟರು ತೋರಿಸುತ್ತದೆ, ಕಲಿಯುವವರಿಗೆ ಅದೇ ಚೆನ್ನ.

1980ರ 8051 ಮೈಕ್ರೋಕಂಟ್ರೋಲರಿನ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ‘8051 ಬೆಂಬಲ’ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಲ್ಯಾಬುಗಳಲ್ಲಿ ಹೆಚ್ಚಾಗಿ ಕಾಣುವ ಎಟಿ89ಎಸ್52ರಲ್ಲಿ ಪ್ರೋಗ್ರಾಮು ತುಂಬುವ ದಾರಿ ಇದೆ, ಚಿಪ್ಪಿನೊಳಗೆ ಡೀಬಗ್ ಘಟಕ ಇಲ್ಲ. ಬೇರೆ ತಯಾರಕರ ಹೊಸ ಮಾದರಿಗಳಲ್ಲಿ ಘಟಕ ಇದೆ, ಆದರೆ ಒಬ್ಬೊಬ್ಬರದು ಒಂದೊಂದು ಬಗೆ. ಜಿಡಿಬಿಗೆ ಈ ಕುಟುಂಬ ಗೊತ್ತೇ ಇಲ್ಲ. ಎಸ್‌ಡಿಸಿಸಿ ಕಂಪೈಲರಿನೊಡನೆ ಬರುವ ಸಿಮ್ಯುಲೇಟರು ಮತ್ತು ಅದರದೇ ಡೀಬಗರ್ ಇವೆ, ಅವುಗಳತ್ತ ಕೈ ತೋರಿಸುವುದು ಪ್ರಾಮಾಣಿಕವಾದ ಉತ್ತರ. ನಾವು ಹಾಗೆಯೇ ಮಾಡಿದೆವು.

ಎವಿಆರ್‌ನಲ್ಲಿಯೂ ಹೆಸರು ನೋಡಿ ಮಾತು ಕೊಡಬೇಡಿ. ಎಟಿಮೆಗಾ32ರಲ್ಲಿ ಜೆಟ್ಯಾಗ್ ಇದೆ. ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿಯಲ್ಲಿ ಡೀಬಗ್‌ವೈರ್ ಎಂಬ ಒಂದೇ ತಂತಿಯ ವ್ಯವಸ್ಥೆ ರೀಸೆಟ್ ಪಿನ್ನಿನ ಮೇಲೆಯೇ ಇದೆ, ಅದಕ್ಕಾಗಿ ಬೋರ್ಡಿನ ಮೇಲಿನ ಒಂದು ಸಣ್ಣ ತಾಮ್ರದ ಗೆರೆಯನ್ನು ಕತ್ತರಿಸಬೇಕಾಗುತ್ತದೆ. ಹಳೆಯ ಎಟಿಮೆಗಾ8ರಲ್ಲಿ ಎರಡೂ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಕುಟುಂಬದ ಹೆಸರನ್ನಲ್ಲ, ಚಿಪ್ಪಿನ ಪೂರ್ತಿ ಹೆಸರನ್ನು ಬರೆಯಿರಿ.

ಮೂರು ಹಂತ, ಒಂದು ಹೆಸರು

ಉಳಿಸುವುದು ಮತ್ತು ಕೈಬಿಡುವುದರ ನಡುವೆ ಒಂದು ಹಂತ ಬೇಕು. ರಸ್ಟ್ ಭಾಷೆಯ ತಂಡ ತನ್ನ ಬೆಂಬಲವನ್ನು ಮೂರು ಸ್ತರಗಳಾಗಿ ವಿಂಗಡಿಸಿದೆ: ಮೊದಲನೆಯದು ಖಚಿತವಾಗಿ ಕೆಲಸ ಮಾಡುತ್ತದೆ, ಎರಡನೆಯದು ಖಚಿತವಾಗಿ ಕಟ್ಟಲು ಬರುತ್ತದೆ, ಮೂರನೆಯದು ಕೋಡಿನಲ್ಲಿದೆ, ಆದರೆ ತಾನಾಗಿ ಪರೀಕ್ಷೆ ನಡೆಯುವುದಿಲ್ಲ. ನಾವು ಇದನ್ನೇ ಡೀಬಗರ್‌ಗೆ ಹೊಂದಿಸಿಕೊಂಡಿದ್ದೇವೆ, ಒಂದು ಬದಲಾವಣೆಯೊಡನೆ: ಮೂರನೆಯ ಸ್ತರದ ಪ್ರೊಸೆಸರಿಗೆ ಜೋಡಿಸಿದ ಕೂಡಲೇ ಡೀಬಗರ್ ‘ಇದನ್ನು ಈ ಆವೃತ್ತಿಯಲ್ಲಿ ಬೋರ್ಡಿನ ಮೇಲೆ ಪರೀಕ್ಷಿಸಿಲ್ಲ, ಕಾಣುವ ಅಂಕಿಗಳನ್ನು ಇನ್ನೊಂದು ದಾರಿಯಿಂದ ತಾಳೆ ನೋಡಿ’ ಎಂದು ಪರದೆಯ ಮೇಲೆ ಹೇಳುತ್ತದೆ. ಆ ಎಚ್ಚರಿಕೆಯನ್ನು ಬಂದ್ ಮಾಡುವ ಆಯ್ಕೆಯನ್ನು ಇಟ್ಟಿಲ್ಲ.

ಮೊದಲ ಸ್ತರದ ಪ್ರತಿ ಹೆಸರಿನ ಎದುರಿಗೂ ಹೊಣೆ ಹೊತ್ತ ಒಬ್ಬ ವ್ಯಕ್ತಿಯ ಹೆಸರಿರಬೇಕು. ‘ತಂಡ’ ಎಂದು ಬರೆದರೆ ಯಾರೂ ಇಲ್ಲ ಎಂದೇ ಅರ್ಥ. ಆ ವ್ಯಕ್ತಿ ಕೆಲಸ ಬಿಟ್ಟರೆ ಅಥವಾ ಬೆಂಗಳೂರಿಗೆ ಹೋದರೆ, ಮೂರು ತಿಂಗಳೊಳಗೆ ಇನ್ನೊಬ್ಬರು ಸಿಗದಿದ್ದಲ್ಲಿ ಆ ಪ್ರೊಸೆಸರು ಒಂದು ಸ್ತರ ಕೆಳಗಿಳಿಯುತ್ತದೆ.

ಕೈಬಿಡುವಾಗ

ಹೇಳದೆ ತೆಗೆಯಬಾರದು. ಒಂದು ಆವೃತ್ತಿಯಲ್ಲಿ ‘ಇದು ಬಳಕೆಯಿಂದ ಹೋಗಲಿದೆ’ ಎಂದು ಪ್ರಕಟಿಸಿ, ಉಳಿಸಿಕೊಳ್ಳಲು ಯಾರೂ ಮುಂದೆ ಬಾರದಿದ್ದರೆ ಮುಂದಿನ ಆವೃತ್ತಿಯಲ್ಲಿ ತೆಗೆಯುವ ಜಿಡಿಬಿಯ ಹಳೆಯ ಪದ್ಧತಿ ಅನುಸರಿಸಲು ಯೋಗ್ಯವಾದದ್ದು. ಇಂಥ ಪ್ರಕಟಣೆ ಬರಿಯ ಔಪಚಾರಿಕತೆಯಲ್ಲ. ಇಂಟೆಲ್‌ನ ಇಟೇನಿಯಂ ಚಿಪ್ಪುಗಳ ಸರಬರಾಜು 2021ರಲ್ಲಿ ನಿಂತಿತು, 2024ರ ಜನವರಿಯಲ್ಲಿ ಬಂದ 6.7 ಆವೃತ್ತಿಯಲ್ಲಿ ಲಿನಕ್ಸ್ ಕರ್ನಲ್ ಅದನ್ನು ತೆಗೆಯಿತು. ಜಿಸಿಸಿ ತನ್ನ 14ನೇ ಆವೃತ್ತಿಯಲ್ಲಿ ಅದನ್ನು ಬಳಕೆಯಿಂದ ಹೋಗಲಿರುವ ಪಟ್ಟಿಗೆ ಸೇರಿಸಿತ್ತು. ನೋಡಿಕೊಳ್ಳುತ್ತೇವೆ ಎಂದು ಜನ ಮುಂದೆ ಬಂದದ್ದರಿಂದ 15ನೇ ಆವೃತ್ತಿಯಲ್ಲಿ ಆ ಪಟ್ಟಿಯಿಂದ ಹೊರತೆಗೆಯಿತು. ಕೇಳಿದ್ದರಿಂದ ತಾನೇ ಅವರು ಸಿಕ್ಕದ್ದು.

ನಿಮ್ಮ ಪ್ರಕಟಣೆ ಬಳಸುವವರ ಕೈಗೆ ತಲುಪುವಲ್ಲಿ ಇರಲಿ. ಬಿಡುಗಡೆಯ ಟಿಪ್ಪಣಿಯನ್ನು ಲ್ಯಾಬಿನ ಮೇಷ್ಟರು ಓದುವುದಿಲ್ಲ. ಡೀಬಗರ್ ಆ ಬೋರ್ಡಿಗೆ ಜೋಡಿಸಿದಾಗ ತೋರಿಸುವ ಮೊದಲ ಸಾಲನ್ನು ಖಂಡಿತ ಓದುತ್ತಾರೆ. ಕಾಲೇಜುಗಳಿಗೆ ಸೆಮಿಸ್ಟರ್ ಆರಂಭಕ್ಕೆ ಮೊದಲು ತಿಳಿಸಿ, ನಡುವೆ ಅಲ್ಲ.

ತೆಗೆದ ದಿನ, ಆ ಪ್ರೊಸೆಸರನ್ನು ಸರಿಯಾಗಿ ನೋಡಿಕೊಂಡ ಕೊನೆಯ ಆವೃತ್ತಿಯನ್ನು ಒಂದು ಕಟ್ಟಾಗಿ ಉಳಿಸಿಡಿ. ಅದರಲ್ಲಿ ಡೀಬಗರ್‌ನ ಮೂಲ ಕೋಡು ಮಾತ್ರವಲ್ಲ, ಅದನ್ನು ಕಟ್ಟಿದ ಕಂಪೈಲರು, ಆ ಕಂಪೈಲರ್ ಓಡಿದ ಆಪರೇಟಿಂಗ್ ಸಿಸ್ಟಮ್‌ನ ಪ್ರತಿ, ಅಡಾಪ್ಟರಿನ ಡ್ರೈವರು ಎಲ್ಲವೂ ಇರಲಿ. ವರ್ಚುವಲ್ ಯಂತ್ರದೊಳಗೆ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರಿನೊಳಗೆ) ಇವೆಲ್ಲವನ್ನೂ ಕೂರಿಸಿ, ಯುಎಸ್‌ಬಿ ಅಡಾಪ್ಟರನ್ನು ಅದರೊಳಕ್ಕೆ ಬಿಟ್ಟು, ಬೋರ್ಡು ಮಾತನಾಡುವುದನ್ನು ಒಮ್ಮೆ ನೋಡಿದ ಮೇಲೆಯೇ ಕೋಡನ್ನು ಅಳಿಸಿ. ಬೋರ್ಡನ್ನು ಎಸೆಯಬೇಡಿ. ಅದರ ಡಬ್ಬಿಯ ಮೇಲೆ ಚಿಪ್ಪಿನ ಪೂರ್ತಿ ಹೆಸರು, ಕೆಲಸ ಮಾಡುವ ಕೊನೆಯ ಆವೃತ್ತಿಯ ಸಂಖ್ಯೆ, ಬೇಕಾದ ವೋಲ್ಟೇಜು, ಕೊನೆಯ ಪರೀಕ್ಷೆಯ ದಿನಾಂಕ ಇಷ್ಟನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಆರು ವರ್ಷದ ನಂತರ ಫೋನು ಬಂದಾಗ ಬೀರು ತೆಗೆಯುವವರು ನೀವೇ ಆಗಿರುವುದಿಲ್ಲ.